ಕಷ್ಟಕಾಲದಲ್ಲಿ ಭರವಸೆಯನ್ನು ಹೊರುವವರು ಯಾರು?

2024ರ ಡಿಸೆಂಬರ್ 24ರ ರಾತ್ರಿ ಪೋಪ್ ಫ್ರಾನ್ಸಿಸ್‌ರವರು ರೋಮಿನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ತೆರೆದು ಜುಬಿಲಿ ವರ್ಷಕ್ಕೆ ಚಾಲನೆ ನೀಡಿದರು. 2026ರ ಜನವರಿ 6ರಂದು ಅದೇ ದ್ವಾರವನ್ನು ಮುಚ್ಚಿದವರು ಪೋಪ್ ಹದಿನಾಲ್ಕನೆಯ ಲಿಯೋರವರು. ಇವೆರಡರ ನಡುವೆ, 2025ರ ಏಪ್ರಿಲ್ 21ರಂದು, ಪುನರುತ್ಥಾನ ಹಬ್ಬದ ಮರುದಿನ ಬೆಳಿಗ್ಗೆ ಪೋಪ್ ಫ್ರಾನ್ಸಿಸ್‌ರವರು ನಮ್ಮನ್ನಗಲಿದರು. 'ಭರವಸೆಯ ಯಾತ್ರಿಕರು' ಎಂಬುದು ಆ ವರ್ಷದ ಧ್ಯೇಯವಾಕ್ಯವಾಗಿತ್ತು. ನಮ್ಮ ಚರ್ಚುಗಳ ಗೋಡೆಯಲ್ಲಿ, ವಾರ್ಡುಗಳ ಪ್ರಾರ್ಥನಾಕೂಟಗಳಲ್ಲಿ, ಯುವಜನರ ಶಿಬಿರಗಳಲ್ಲಿ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ, ಹೇಳಿದ್ದೇವೆ, ಹಾಡಿದ್ದೇವೆ.

ಜುಬಿಲಿ ಮುಗಿಯಿತು, ಬ್ಯಾನರುಗಳೂ ಇಳಿದವು. ಆದರೆ ಮನೆಯ ಯಜಮಾನನಿಗೆ ಬಂದ ಕಾಯಿಲೆ ಇಳಿಯಲಿಲ್ಲ, ಬ್ಯಾಂಕಿನ ಸಾಲ ತೀರಲಿಲ್ಲ, ಮಗನನ್ನು ಕಳೆದುಕೊಂಡ ತಾಯಿಯ ಕಣ್ಣೀರು ಆರಲಿಲ್ಲ. ಹಾಗಾದರೆ ಒಂದು ವರ್ಷವಿಡೀ ನಾವು ಮಾತನಾಡಿದ ಭರವಸೆ ಎಂದರೆ ಏನು? ಕಷ್ಟದಲ್ಲಿರುವ ಒಬ್ಬ ವ್ಯಕ್ತಿ ಅದನ್ನು ಒಬ್ಬಂಟಿಯಾಗಿಯೇ ಗಟ್ಟಿಮಾಡಿಕೊಳ್ಳಬೇಕೇ? ಅಥವಾ ಅದನ್ನು ಹೊರುವ ಹೊಣೆ ಬೇರೆ ಯಾರಿಗಾದರೂ ಇದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಮೊದಲು ನೆರೆಯ ಶ್ರೀಲಂಕಾದತ್ತ ನೋಡೋಣ. ಅಲ್ಲಿನ ಕಥೆಗೂ ನಮ್ಮ ಕರಾವಳಿಗೂ ಹಳೆಯ ನಂಟಿದೆ.

ಹಬ್ಬದ ದಿನವೇ ಬಿದ್ದ ಬರಸಿಡಿಲು

2019ರ ಏಪ್ರಿಲ್ 21, ಪುನರುತ್ಥಾನದ ಭಾನುವಾರ. ಹೊಸ ಬಟ್ಟೆ ತೊಟ್ಟು ಕುಟುಂಬಸಮೇತ ಬಲಿಪೂಜೆಗೆ ಬಂದಿದ್ದ ಜನರ ನಡುವೆ ಆತ್ಮಾಹುತಿ ಬಾಂಬರ್‌ಗಳು ಸ್ಫೋಟ ನಡೆಸಿದರು. ಕೊಲಂಬೊದ ಕೊಚ್ಚಿಕಡೆ ಸಂತ ಅಂತೋನಿಯವರ ಪುಣ್ಯಕ್ಷೇತ್ರ, ನೆಗೊಂಬೊ ಸಮೀಪದ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ದೇವಾಲಯ, ಬಟ್ಟಿಕಲೋವದ ಝಿಯೋನ್ ಚರ್ಚ್ ಮತ್ತು ಕೊಲಂಬೊದ ಮೂರು ಐಷಾರಾಮಿ ಹೋಟೆಲುಗಳು ದಾಳಿಗೆ ಗುರಿಯಾದವು. 250ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಕಟುವಾಪಿಟಿಯ ದೇವಾಲಯವೊಂದರಲ್ಲೇ ಸತ್ತವರು ನೂರಕ್ಕೂ ಹೆಚ್ಚು. ಒಂದೇ ಮನೆಯ ಎಲ್ಲರೂ ಒಟ್ಟಿಗೆ ಅಳಿದ ಉದಾಹರಣೆಗಳಿದ್ದವು. ಮೀನುಗಾರರ ಊರಾದ ನೆಗೊಂಬೊದಲ್ಲಿ ಬೀದಿ ಬೀದಿಗೂ ಬಿಳಿ ಬಾವುಟ ಕಟ್ಟಿ ಶೋಕಾಚರಣೆ ನಡೆಯಿತು.

ಪುನರುತ್ಥಾನದ ಸಂದೇಶವನ್ನು ಕೇಳಲು ಬಂದವರಿಗೆ ಮರಣವೇ ಎದುರಾಯಿತು. 'ದೇವರು ಆಗ ಎಲ್ಲಿದ್ದರು?' ಎಂಬ ಪ್ರಶ್ನೆ ಯಾರ ಬಾಯಿಂದ ಬಂದರೂ ಅದು ಅವಿಶ್ವಾಸದ ಮಾತು ಎಂದು ತಳ್ಳಿಹಾಕಲಾಗದ ಗಳಿಗೆ ಅದು. ಯೋಬನು ಇದನ್ನೇ ಕೇಳಿದ್ದನು. ಶಿಲುಬೆಯ ಮೇಲೆ ಯೇಸುಸ್ವಾಮಿಯೇ ಇಂಥ ಕೂಗನ್ನು ಕೂಗಿದ್ದರು.

ಮುಂದಿನ ಭಾನುವಾರ ಭದ್ರತೆಯ ಕಾರಣ ಚರ್ಚುಗಳಲ್ಲಿ ಬಲಿಪೂಜೆ ಇರಲಿಲ್ಲ. ಕಾರ್ಡಿನಲ್ ಮಾಲ್ಕಮ್ ರಂಜಿತ್‌ರವರು ತಮ್ಮ ನಿವಾಸದ ಪ್ರಾರ್ಥನಾಲಯದಲ್ಲಿ ಅರ್ಪಿಸಿದ ಪೂಜೆಯನ್ನು ಜನ ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ನೋಡಿದರು. ಮರುವರ್ಷ ಕೊರೊನಾ ಕಾಲದಲ್ಲಿ ನಾವೂ ಅದೇ ರೀತಿ ಮೊಬೈಲಿನ ಮುಂದೆ ಮೊಣಕಾಲೂರಿದ್ದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಆದರೆ ಆ ಜನ ಅಲ್ಲಿಗೇ ನಿಲ್ಲಲಿಲ್ಲ. ಕೊಚ್ಚಿಕಡೆಯ ಪುಣ್ಯಕ್ಷೇತ್ರ ದುರಸ್ತಿಗೊಂಡು ಜೂನ್ 12ರಂದು, ಅಂದರೆ ಸಂತ ಅಂತೋನಿಯವರ ಹಬ್ಬದ ಮುನ್ನಾದಿನ ಮತ್ತೆ ಬಾಗಿಲು ತೆರೆಯಿತು. ಕಟುವಾಪಿಟಿಯದಲ್ಲಿ ರಕ್ತದ ಕಲೆಗಳು ಸಿಡಿದಿದ್ದ ಪುನರುತ್ಥಾನಿ ಕ್ರಿಸ್ತರ ಪ್ರತಿಮೆಯನ್ನು ತೊಳೆದು ಹೊಸದಾಗಿ ಬಣ್ಣ ಬಳಿಯಲಿಲ್ಲ. ಕಲೆಗಳಿದ್ದಂತೆಯೇ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದರು.

ಈ ಪ್ರತಿಮೆಯ ಬಗ್ಗೆ ನಾವು ಒಂದು ಕ್ಷಣ ಯೋಚಿಸಬೇಕು. ಕ್ರೈಸ್ತ ಭರವಸೆ ಎಂದರೆ ಗಾಯವನ್ನು ಮರೆಮಾಚಿ ನಗುಮುಖ ತೋರಿಸುವುದಲ್ಲ. ಪುನರುತ್ಥಾನರಾದ ಮೇಲೂ ಯೇಸುಸ್ವಾಮಿಯವರ ಕೈಗಳಲ್ಲಿ ಮೊಳೆಯ ಗಾಯಗಳಿದ್ದವು. ತೋಮನಿಗೆ ಅವರು ತೋರಿಸಿದ್ದು ಆ ಗಾಯಗಳನ್ನೇ. ಕಟುವಾಪಿಟಿಯದ ಜನ ಈ ಸತ್ಯವನ್ನು ಪುಸ್ತಕದಿಂದ ಕಲಿಯಲಿಲ್ಲ, ಬದುಕಿ ಕಲಿತರು.

ಕ್ಷಮೆ ಬೇರೆ, ಮೌನ ಬೇರೆ

ದಾಳಿಯ ನಂತರ ಶ್ರೀಲಂಕಾದ ಕಥೋಲಿಕ ಸಭೆ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಇವೆರಡೂ ಒಂದಕ್ಕೊಂದು ವಿರುದ್ಧ ಎಂದು ನಮ್ಮಲ್ಲಿ ಹಲವರು ಭಾವಿಸುವುದರಿಂದ ಇದನ್ನು ವಿವರವಾಗಿ ಹೇಳುವುದು ಅಗತ್ಯ.

ಮೊದಲನೆಯದು, ಸೇಡು ಬೇಡ ಎಂಬ ಸ್ಪಷ್ಟ ನಿಲುವು. 2019ರ ಮೇ ತಿಂಗಳಲ್ಲಿ ಕೆಲವೆಡೆ ಮುಸ್ಲಿಮರ ಮೇಲೆ ಹಲ್ಲೆಗಳು ನಡೆದಾಗ, ಯಾವ ಅಮಾಯಕನ ಮೇಲೂ ಕೈ ಮಾಡಬಾರದೆಂದು ಕಾರ್ಡಿನಲ್‌ರವರು ಕ್ರೈಸ್ತರನ್ನು ಬೇಡಿಕೊಂಡರು. 2020ರ ಪುನರುತ್ಥಾನ ಹಬ್ಬದಂದು, ದಾಳಿ ನಡೆಸಿದವರನ್ನು ಕ್ಷಮಿಸಿದ್ದೇವೆ ಎಂದು ಬಹಿರಂಗವಾಗಿ ಸಾರಿದರು.

ಎರಡನೆಯದು, ಸತ್ಯ ಹೊರಬರಲೇಬೇಕೆಂಬ ಹಠ. ದಾಳಿಯ ಸಾಧ್ಯತೆಯ ಬಗ್ಗೆ ಭಾರತದ ಗುಪ್ತಚರ ಸಂಸ್ಥೆ ಮೊದಲೇ ಎಚ್ಚರಿಕೆ ನೀಡಿದ್ದರೂ ಅಲ್ಲಿನ ಅಧಿಕಾರಿಗಳು ಕ್ರಮ ಕೈಗೊಂಡಿರಲಿಲ್ಲ. ಹೀಗಾಗಿ 2021ರ ಮಾರ್ಚ್ 7ರಂದು ಕಥೋಲಿಕರು 'ಕಪ್ಪು ಭಾನುವಾರ' ಆಚರಿಸಿ ಕಪ್ಪು ಉಡುಪು ಧರಿಸಿ ಬಲಿಪೂಜೆಗೆ ಬಂದರು. ಸಂತ್ರಸ್ತರ ಕುಟುಂಬಗಳೂ ಇತರರೂ ನ್ಯಾಯಾಲಯದ ಮೆಟ್ಟಿಲೇರಿದರು. 2023ರ ಜನವರಿ 12ರಂದು ಶ್ರೀಲಂಕಾದ ಸುಪ್ರೀಂ ಕೋರ್ಟ್, ದಾಳಿಯನ್ನು ತಡೆಯಲು ವಿಫಲರಾದುದಕ್ಕಾಗಿ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನರಿಗೆ ಅಲ್ಲಿನ 10 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ಹಿರಿಯ ಅಧಿಕಾರಿಗಳೂ ದಂಡ ತೆರಬೇಕಾಯಿತು. 2025ರಲ್ಲಿ, ದಾಳಿಯಲ್ಲಿ ಮಡಿದ 167 ಕಥೋಲಿಕರ ಹೆಸರುಗಳನ್ನು ವ್ಯಾಟಿಕನ್ ವಿಶ್ವಾಸದ ಸಾಕ್ಷಿಗಳ ಪಟ್ಟಿಗೆ ಸೇರಿಸಿತು.

ಕ್ಷಮಿಸಿದವರು ಸುಮ್ಮನಿರಬೇಕು ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ಕಲ್ಪನೆ. ಕ್ಷಮೆ ನಮ್ಮ ಹೃದಯದಿಂದ ವಿಷವನ್ನು ತೆಗೆಯುತ್ತದೆ. ಸತ್ಯದ ಹುಡುಕಾಟ ಇನ್ನೊಬ್ಬರ ಮನೆಗೆ ಅದೇ ಆಪತ್ತು ಬಾರದಂತೆ ತಡೆಯುತ್ತದೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಭರವಸೆ ಕುಂಟುತ್ತದೆ.

ಏಪ್ರಿಲ್ 21ರ ಇನ್ನೊಂದು ನೆನಪು

ಇಲ್ಲಿ ನಮ್ಮ ಕರಾವಳಿಯ ನಂಟಿಗೆ ಬರೋಣ. ಶ್ರೀಲಂಕಾದ ಪ್ರೇಷಿತ ಎಂದು ಕರೆಯಲ್ಪಡುವ ಸಂತ ಜೋಸೆಫ್ ವಾಜ್ ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದ್ದು 1651ರ ಏಪ್ರಿಲ್ 21ರಂದು. ಅವರು ಬದುಕು ಸವೆಸಿದ ದ್ವೀಪದ ಮಕ್ಕಳು ರಕ್ತ ಸುರಿಸಿದ್ದು ಅವರ ಹುಟ್ಟುಹಬ್ಬದ ದಿನವೇ.

ಶ್ರೀಲಂಕಾಕ್ಕೆ ಹೋಗುವ ಮುನ್ನ, 1681ರಿಂದ 1684ರವರೆಗೆ ಜೋಸೆಫ್ ವಾಜ್‌ರವರು ದುಡಿದದ್ದು ನಮ್ಮ ಕೆನರಾ ನಾಡಿನಲ್ಲಿ. ಮಂಗಳೂರು ಸಮೀಪದ ಮುಡಿಪು ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಒರತೆ ಚಿಮ್ಮಿತೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಇಂದಿಗೂ ಜಾತಿ ಮತ ಭೇದವಿಲ್ಲದೆ ಜನ ಆ ಪುಣ್ಯಕ್ಷೇತ್ರಕ್ಕೆ ಹೋಗುತ್ತಾರೆ.

1687ರಲ್ಲಿ ಅವರು ಬಡ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ತಲುಪಿದಾಗ ಅಲ್ಲಿನ ಪರಿಸ್ಥಿತಿ ಹೇಗಿತ್ತು? ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ವಶಪಡಿಸಿಕೊಂಡು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಸುಮಾರು ಮೂವತ್ತು ವರ್ಷಗಳ ಕಾಲ ಜನರಿಗೆ ಬಹುಮಟ್ಟಿಗೆ ಗುರುಗಳಿಲ್ಲ, ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಕೊರಳಲ್ಲಿ ಜಪಸರ ಹಾಕಿಕೊಂಡು ಭಿಕ್ಷೆ ಬೇಡುತ್ತಾ ಮನೆ ಮನೆ ತಿರುಗಿದ ವಾಜ್‌ರವರು, ಆ ಜಪಸರವನ್ನು ಕಂಡು ಯಾರ ಕಣ್ಣು ಅರಳುತ್ತದೆ ಎಂದು ನೋಡುತ್ತಿದ್ದರು. ಅರಳಿದ ಕಣ್ಣುಗಳು ಸಿಕ್ಕವು. ಅಂದರೆ ಮೂವತ್ತು ವರ್ಷಗಳ ಕತ್ತಲಲ್ಲೂ ಯಾರೋ ತಾಯಿ ಮಗುವಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದ್ದಳು, ಯಾರೋ ಅಜ್ಜ ಬಾಗಿಲು ಮುಚ್ಚಿ ಜಪಸರ ಹೇಳಿಸಿದ್ದ.

ಮುಂದೆ ಕ್ಯಾಂಡಿಯಲ್ಲಿ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟರು. 1697ರಲ್ಲಿ ಸಿಡುಬು ಹರಡಿ ಜನ ತಮ್ಮವರನ್ನೇ ಬಿಟ್ಟು ಓಡಿಹೋದಾಗ ರೋಗಿಗಳ ಬಳಿ ಉಳಿದು ಸೇವೆ ಮಾಡಿದವರು ಈ ಗುರು ಮತ್ತು ಅವರ ಜೊತೆಗಾರರು. ಎಲ್ಲ ಊರಿಗೂ ತಾನೊಬ್ಬನೇ ತಲುಪಲಾರೆ ಎಂದರಿತ ಅವರು ಊರೂರಿನಲ್ಲಿ ಪ್ರಾರ್ಥನೆ ನಡೆಸಲು, ಮಕ್ಕಳಿಗೆ ಕಲಿಸಲು, ಸಾಯುವವರ ಪಕ್ಕದಲ್ಲಿ ಕುಳಿತುಕೊಳ್ಳಲು ಶ್ರೀಸಾಮಾನ್ಯ ಮುಖಂಡರನ್ನು ನೇಮಿಸಿದರು. 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ನಮ್ಮ ಹಿರಿಯರ ದಾರಿ

ಇಂಥದೇ ಅನುಭವ ನಮ್ಮ ಪೂರ್ವಜರಿಗೂ ಆಯಿತು. 1784ರಲ್ಲಿ, ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕರಾವಳಿಯ ಸಾವಿರಾರು ಕಥೋಲಿಕರು ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲೇ ಅನೇಕರು ಸತ್ತರು. 1799ರವರೆಗೆ, ಹದಿನೈದು ವರ್ಷಗಳ ಸೆರೆವಾಸ. ಹಿಂತಿರುಗಿದವರಿಗೆ ಮನೆಯಿರಲಿಲ್ಲ, ಗದ್ದೆ ಬೇರೆಯವರ ಪಾಲಾಗಿತ್ತು, ಮಿಲಾಗ್ರಿಸ್‌ನಂಥ ಇಗರ್ಜಿಗಳು ನೆಲಸಮವಾಗಿದ್ದವು. ಆದರೂ ಅವರು ಮತ್ತೆ ಕಟ್ಟಿದರು. ಇಂದು ನಾವು ನಿಂತು ಪ್ರಾರ್ಥಿಸುವ ಎಷ್ಟೋ ಇಗರ್ಜಿಗಳ ಅಡಿಗಲ್ಲಿನಲ್ಲಿ ಅವರ ಬೆವರಿದೆ. ಈ ಇತಿಹಾಸವನ್ನು ಇಂದಿನ ಯಾವುದೇ ಸಮುದಾಯದ ಮೇಲೆ ದ್ವೇಷ ಹುಟ್ಟಿಸಲು ಬಳಸುವವರಿದ್ದಾರೆ. ಹಾಗೆ ಬಳಸುವುದು ಆ ಹಿರಿಯರ ವಿಶ್ವಾಸಕ್ಕೆ ಮಾಡುವ ಅವಮಾನ ಎಂದು ನಾವು ತಿಳಿಯುತ್ತೇವೆ.

2008ರ ಸೆಪ್ಟೆಂಬರ್ 14ರ ಭಾನುವಾರವನ್ನೂ ನಾವು ಮರೆತಿಲ್ಲ. ಪವಿತ್ರ ಶಿಲುಬೆಯ ಮಹೋತ್ಸವದ ಆ ದಿನ ಮಂಗಳೂರಿನಲ್ಲಿ ಆರಾಧನಾ ಮಠಕ್ಕೆ ನುಗ್ಗಿದ ಗುಂಪು ಶಿಲುಬೆಯನ್ನೂ ಪರಮಪ್ರಸಾದದ ಪೆಟ್ಟಿಗೆಯನ್ನೂ ಒಡೆಯಿತು. ಸರಕಾರ ನೇಮಿಸಿದ ನ್ಯಾಯಮೂರ್ತಿ ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಸಲ್ಲಿಸಿತು. ಅದರ ನಿರ್ಣಯಗಳನ್ನು ಕ್ರೈಸ್ತ ಮುಖಂಡರು ಒಪ್ಪಲಿಲ್ಲ. ಆದರೆ ಆ ಮಠದಲ್ಲಿ ಧರ್ಮಭಗಿನಿಯರ ಆರಾಧನೆ ನಿಲ್ಲಲಿಲ್ಲ. ನ್ಯಾಯ ದೊರೆಯುವವರೆಗೆ ಪ್ರಾರ್ಥನೆಯನ್ನು ಮುಂದೂಡಲಿಲ್ಲ, ಪ್ರಾರ್ಥನೆ ಇದೆಯೆಂದು ನ್ಯಾಯದ ಬೇಡಿಕೆಯನ್ನು ಬಿಡಲೂ ಇಲ್ಲ.

ಇಂದು ನಮ್ಮ ನಡುವಿನ ಮೌನ ಸಂಕಟಗಳು

ಬಾಂಬು, ಸೆರೆವಾಸ, ದಾಳಿ ಇವೆಲ್ಲ ಸುದ್ದಿಯಾಗುವ ಕಷ್ಟಗಳು. ಇಡೀ ಸಮುದಾಯ ಒಟ್ಟಾಗಿ ಅನುಭವಿಸುವುದರಿಂದ ಅಲ್ಲಿ ಒಬ್ಬರಿಗೊಬ್ಬರ ಹೆಗಲು ಸಿಗುತ್ತದೆ. ಆದರೆ ಇಂದು ನಮ್ಮ ಚರ್ಚುಗಳಲ್ಲಿ ಹೆಚ್ಚಿನವರು ಹೊರುತ್ತಿರುವುದು ಸುದ್ದಿಯಾಗದ ಕಷ್ಟಗಳನ್ನು. ಮಕ್ಕಳೆಲ್ಲ ವಿದೇಶದಲ್ಲಿ, ದೊಡ್ಡ ಮನೆಯಲ್ಲಿ ಇಬ್ಬರೇ ವೃದ್ಧರು. ಗಲ್ಫಿನಲ್ಲಿ ಕೆಲಸ ಕಳೆದುಕೊಂಡು ಬಂದು, ಮನೆ ಕಟ್ಟಲು ಮಾಡಿದ ಸಾಲಕ್ಕೆ ಬಡ್ಡಿ ಕಟ್ಟಲಾಗದೆ ತಲೆತಗ್ಗಿಸಿ ನಡೆಯುವ ನಡುವಯಸ್ಕ. ಕಡಲ್ಕೊರೆತದಿಂದ ವರ್ಷ ವರ್ಷವೂ ಅಂಗಳ ಕಳೆದುಕೊಳ್ಳುವ ಮೀನುಗಾರ ಕುಟುಂಬ. ಕುಡಿತದ ಗಂಡನೊಂದಿಗೆ ಬದುಕುವ ಹೆಂಗಸು. ಖಿನ್ನತೆಯಿಂದ ಬಳಲುವ ಕಾಲೇಜು ಹುಡುಗ.

ಇವರು ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರುತ್ತಾರೆ. ಶಾಂತಿಯ ಶುಭಾಶಯದ ಹೊತ್ತಿಗೆ ನಾವು ಅವರಿಗೆ ಕೈ ಮುಗಿಯುತ್ತೇವೆ. ಸ್ವಲ್ಪ ದಿನಗಳ ನಂತರ ಅವರು ಬರುವುದನ್ನು ನಿಲ್ಲಿಸುತ್ತಾರೆ. ಬಂದಿಲ್ಲವೆಂಬುದು ನಮ್ಮ ಗಮನಕ್ಕೆ ಬರುವುದು ಎಷ್ಟೋ ತಿಂಗಳ ಮೇಲೆ, ಕೆಲವೊಮ್ಮೆ ಮರಣದ ಗಂಟೆ ಬಾರಿಸಿದಾಗ.

ಇಂಥವರಿಗೆ ನಾವು ಹೇಳುವ ಮಾತು ಯಾವುದು? 'ಎಲ್ಲ ದೇವರ ಚಿತ್ತ, ಸಹಿಸಿಕೊಳ್ಳಿ. ಇನ್ನಷ್ಟು ಪ್ರಾರ್ಥನೆ ಮಾಡಿ.' ಮಾತು ತಪ್ಪೆಂದು ಯಾರೂ ಹೇಳಲಾರರು. ಆದರೆ ಹೇಳಿ ಕೈತೊಳೆದುಕೊಂಡು ಹೊರಟರೆ ಅದು ಗಾಯದ ಮೇಲೆ ಬರೆ ಎಳೆದಂತೆ. ಯೋಬನ ಗೆಳೆಯರು ಏಳು ದಿನ ಅವನ ಪಕ್ಕದಲ್ಲಿ ಮೌನವಾಗಿ ಕುಳಿತಿದ್ದಷ್ಟು ಕಾಲ ಸರಿಯಾಗಿಯೇ ಇದ್ದರು. ಉಪದೇಶಕ್ಕೆ ಬಾಯಿ ತೆರೆದ ಮೇಲೆ ಅವನ ಭಾರ ಇನ್ನಷ್ಟು ಹೆಚ್ಚಿತು.

ಎಮ್ಮಾವು ದಾರಿಯ ಇಬ್ಬರು ಶಿಷ್ಯರನ್ನು ನೆನಪಿಸಿಕೊಳ್ಳೋಣ. ತಮ್ಮ ಭರವಸೆಯ ಬಗ್ಗೆ ಅವರು ಮಾತನಾಡಿದ್ದು ಮುಗಿದುಹೋದ ಸಂಗತಿಯೆಂಬಂತೆ. ಯೇಸುಸ್ವಾಮಿ ಅವರನ್ನು ತಡೆದು ನಿಲ್ಲಿಸಲಿಲ್ಲ. ಅವರು ಹೋಗುತ್ತಿದ್ದ ದಿಕ್ಕಿಗೇ, ಜೆರುಸಲೇಮಿಗೆ ಬೆನ್ನು ಹಾಕಿದ ದಿಕ್ಕಿಗೇ, ಜೊತೆಯಲ್ಲಿ ನಡೆದರು. ಮೊದಲು ಅವರ ದುಃಖವನ್ನು ಕೇಳಿದರು. ಆಮೇಲೆ ಮಾತನಾಡಿದರು, ಕೊನೆಗೆ ರೊಟ್ಟಿ ಮುರಿದರು.

ನಾವು ಮಾಡಬಹುದಾದುದು

ಶ್ರೀಲಂಕಾದ ಜನರ, ನಮ್ಮ ಹಿರಿಯರ ಬದುಕಿನಿಂದ ತಿಳಿಯುವುದು ಇಷ್ಟೇ: ಭರವಸೆ ಒಬ್ಬನ ಮನೋಬಲದಿಂದ ಉಳಿಯುವುದಿಲ್ಲ, ಒಂದು ಸಮುದಾಯದ ನಿತ್ಯದ ಸಣ್ಣ ಅಭ್ಯಾಸಗಳಿಂದ ಉಳಿಯುತ್ತದೆ. ಒಬ್ಬನಿಗೆ ಪ್ರಾರ್ಥಿಸಲಾಗದ ದಿನ ಅವನ ಪರವಾಗಿ ಇನ್ನೊಬ್ಬ ಪ್ರಾರ್ಥಿಸುತ್ತಾನೆ. ಪಾರ್ಶ್ವವಾಯು ಪೀಡಿತನನ್ನು ಮಾಡು ತೆಗೆದು ಯೇಸುವಿನ ಮುಂದೆ ಇಳಿಸಿದವರು ನಾಲ್ವರು. ಸುವಾರ್ತೆಯ ಪ್ರಕಾರ ಯೇಸುಸ್ವಾಮಿ ನೋಡಿದ್ದು ಹೊತ್ತು ತಂದವರ ವಿಶ್ವಾಸವನ್ನೂ.

ಹಾಗಾದರೆ ನಮ್ಮ ಧರ್ಮಕೇಂದ್ರಗಳಲ್ಲಿ, ಕಿರು ಕ್ರೈಸ್ತ ಸಮುದಾಯಗಳಲ್ಲಿ ಏನು ಮಾಡಬಹುದು? ಕೆಲವು ಸಲಹೆಗಳನ್ನು ಓದುಗರ ಮುಂದಿಡುತ್ತೇವೆ.

ಮೊದಲನೆಯದಾಗಿ, ವಾರ್ಡಿನ ಗುರಿಕಾರರ ಕೆಲಸ ವಂತಿಗೆ ಸಂಗ್ರಹ ಮತ್ತು ಹಬ್ಬದ ತಯಾರಿಗೆ ಸೀಮಿತವಾಗಬಾರದು. ಮೂರು ಭಾನುವಾರ ಕಾಣದ ಮನೆಯವರನ್ನು ನಾಲ್ಕನೆಯ ವಾರ ಹೋಗಿ ಮಾತನಾಡಿಸುವುದು ರೂಢಿಯಾಗಲಿ. ಅದು ವಿಚಾರಣೆಯಂತಿರದೆ, ಒಂದು ಲೋಟ ಕಾಫಿ ಕುಡಿದು ಬರುವ ಭೇಟಿಯಾಗಿರಲಿ.

ಎರಡನೆಯದಾಗಿ, ಮರಣದ ಮನೆಗೆ ಮೊದಲ ದಿನ ನೂರು ಜನ ಬರುತ್ತಾರೆ, ತಿಂಗಳ ಪೂಜೆಯ ನಂತರ ಯಾರೂ ಇರುವುದಿಲ್ಲ. ನಿಜವಾದ ಒಂಟಿತನ ಆಗ ಶುರುವಾಗುತ್ತದೆ. ಆರು ತಿಂಗಳವರೆಗಾದರೂ ಆ ಮನೆಯಲ್ಲಿ ತಿಂಗಳಿಗೊಮ್ಮೆ ವಾರ್ಡಿನವರು ಕೂಡಿ ಜಪಸರ ಪ್ರಾರ್ಥಿಸಬಹುದಲ್ಲವೇ?

ಮೂರನೆಯದಾಗಿ, ಮನಸ್ಸಿನ ಕಾಯಿಲೆಯನ್ನು ವಿಶ್ವಾಸದ ಕೊರತೆ ಎಂದು ಹೇಳುವುದನ್ನು ನಿಲ್ಲಿಸೋಣ. ಸಕ್ಕರೆ ಕಾಯಿಲೆಗೆ ವೈದ್ಯರ ಬಳಿ ಹೋಗುವವರು ಖಿನ್ನತೆಗೂ ಹೋಗಬೇಕು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಉಚಿತ ಸಹಾಯವಾಣಿಯ ಸಂಖ್ಯೆ 14416. ಈ ಸಂಖ್ಯೆಯನ್ನು ಪ್ರತಿ ಚರ್ಚಿನ ಸೂಚನಾ ಫಲಕದಲ್ಲಿ ಬರೆಯಲು ಖರ್ಚೇನೂ ಇಲ್ಲ.

ನಾಲ್ಕನೆಯದಾಗಿ, ಅನ್ಯಾಯಕ್ಕೊಳಗಾದವರಿಗೆ ಪ್ರಾರ್ಥನೆಯ ಜೊತೆಗೆ ಅರ್ಜಿ ಬರೆದುಕೊಡುವವರೂ ಬೇಕು. ಕಡಲ್ಕೊರೆತದ ಪರಿಹಾರ, ವಿಧವಾ ವೇತನ, ಏಜೆಂಟರಿಂದ ಮೋಸಹೋದವರ ದೂರು, ಇವುಗಳಿಗೆ ಕಚೇರಿ ಅಲೆಯಲು ಜೊತೆಯಾಗುವ ಒಬ್ಬ ವಿದ್ಯಾವಂತ ಯುವಕ ಅಥವಾ ಯುವತಿ ಒಂದು ವಾರ್ಡಿಗೆ ದೊಡ್ಡ ವರದಾನ. ಇದೂ ಭರವಸೆಯ ಸೇವೆಯೇ.

ಕೊನೆಯದಾಗಿ, ಮನೆಯ ಸಂಜೆಯ ಪ್ರಾರ್ಥನೆ. ಟಿವಿ, ಮೊಬೈಲುಗಳ ನಡುವೆ ಇದು ಎಷ್ಟೋ ಮನೆಗಳಲ್ಲಿ ನಿಂತುಹೋಗಿದೆ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ ಎಂಬ ಗಾದೆ ನಮಗೆ ಗೊತ್ತು. ಜಾಫ್ನಾದ ತಾಯಂದಿರು ಒಳ್ಳೆಯ ದಿನಗಳಲ್ಲಿ ಜಪಸರ ಕಲಿತಿದ್ದರಿಂದಲೇ ಕೆಟ್ಟ ದಿನಗಳಲ್ಲಿ ಅದನ್ನು ಮಕ್ಕಳಿಗೆ ದಾಟಿಸಲು ಸಾಧ್ಯವಾಯಿತು.

ರೋಮಿನ ಪವಿತ್ರ ದ್ವಾರ ಈಗ ಮುಚ್ಚಿದೆ. ಮುಂದಿನ ಸಾಮಾನ್ಯ ಜುಬಿಲಿಗೆ ಇನ್ನೂ ಬಹಳ ವರ್ಷಗಳಿವೆ. ಅಷ್ಟರವರೆಗೆ ತೆರೆದಿರಬೇಕಾದ ಬಾಗಿಲುಗಳು ನಮ್ಮ ಮನೆಗಳದ್ದು. ಪ್ರಿಯ ಓದುಗರೇ, ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಒಂದು ಕ್ಷಣ ನಿಂತು, ನಮ್ಮ ವಾರ್ಡಿನಲ್ಲಿ ಈಚೆಗೆ ಯಾರು ಕಾಣಿಸುತ್ತಿಲ್ಲ ಎಂದು ಯೋಚಿಸೋಣ. ಹೆಸರು ನೆನಪಿಗೆ ಬಂದರೆ ಮನೆಗೆ ಹೋಗುವ ದಾರಿಯಲ್ಲೇ ಅವರ ಬಾಗಿಲು ತಟ್ಟೋಣ. ಸಂತ ಜೋಸೆಫ್ ವಾಜ್‌ರವರು ನಮಗಾಗಿ ಪ್ರಾರ್ಥಿಸಲಿ.